‘ರೂಮ್ ವಿಚ್’ ಅನ್ನಬೇಕೋ, ‘ರೂಮ್ ವೇರ್’ ಅನ್ನಬೇಕೋ?

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಬರುವವರಿಗೆ ವಾಟ್ಸಾಪ್‌ನಲ್ಲಿ ‘ದ ರೂಮ್ ವಿಚ್ ಯೂ ವಿಲ್ ಸ್ಟೇ ಈಸ್ ನಿಯರ್ ದ ಕಾಫಿ ಎಸ್ಟೇಟ್’ ಅಂತ ಕಳಿಸುತ್ತೇನೆ. ಮಗಳು ಇದು ತಪ್ಪು, ‘ವೇರ್’ ಹಾಕಬೇಕು ಅನ್ನುತ್ತಾಳೆ. ವಸ್ತುವಿಗೆ ‘ವಿಚ್’ ಅಂತಲೇ ನಾವು ಶಾಲೆಯಲ್ಲಿ ಕಲಿತದ್ದು. ಯಾರು ಸರಿ?

ಮಗಳು ಸರಿ. ಆದರೆ ನೀವು ಕಲಿತದ್ದೂ ಸುಳ್ಳಲ್ಲ. ಮನುಷ್ಯರಿಗೆ ‘ಹೂ’, ವಸ್ತುವಿಗೆ ‘ವಿಚ್’, ಜಾಗಕ್ಕೆ ‘ವೇರ್’ ಎಂಬ ಪಾಠ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ, ಅಷ್ಟೇ.

ತೊಡಕು ಬರುವುದು ನಮ್ಮ ಕನ್ನಡದ ಅಭ್ಯಾಸದಿಂದ. ‘ನೀವು ಬುಕ್ ಮಾಡಿದ ರೂಮು’, ‘ನೀವು ಉಳಿಯುವ ರೂಮು’. ನೋಡಲು ಎರಡೂ ಒಂದೇ ಅಚ್ಚು. ನಿಜಕ್ಕೂ ಬುಕ್ ಮಾಡಿದ್ದು ರೂಮನ್ನು, ಉಳಿಯುವುದು ರೂಮಿನಲ್ಲಿ. ಆ ‘ಅನ್ನು’, ‘ಅಲ್ಲಿ’ ಎರಡನ್ನೂ ಕನ್ನಡ ಇಲ್ಲಿ ಬಿಟ್ಟುಬಿಡುತ್ತದೆ. ಕೇಳುವವರಿಗೆ ಹೇಗೂ ಅರ್ಥವಾಗುತ್ತದೆ. ಎಷ್ಟು ಚೆಂದದ ಉಳಿತಾಯ ಅಲ್ವಾ! ಇಂಗ್ಲಿಷ್‌ನಲ್ಲಿ ಹಾಗೆ ಬಿಡಲು ಬರುವುದಿಲ್ಲ. ಅಲ್ಲಿ ‘ಇನ್’ ಎಲ್ಲಾದರೂ ಇರಲೇಬೇಕು.

ಅದಕ್ಕೇ ಬರೆಯುವ ಮೊದಲು ಮಾತನ್ನು ಬಿಡಿಸಿ ನೋಡಿ. ‘ಯೂ ಬುಕ್ಡ್ ದ ರೂಮ್’. ಇದು ಸರಿಯಾಗಿ ನಿಂತಿತು. ಹಾಗಾಗಿ ‘ದ ರೂಮ್ ವಿಚ್ ಯೂ ಬುಕ್ಡ್’ ಸರಿ. ಈಗ ‘ಯೂ ವಿಲ್ ಸ್ಟೇ ದ ರೂಮ್’ ಅಂದು ನೋಡಿ. ನಿಲ್ಲುವುದಿಲ್ಲ, ‘ಸ್ಟೇ ಇನ್ ದ ರೂಮ್’ ಆಗಬೇಕು. ಆ ‘ಇನ್’ ಅನ್ನು ತನ್ನೊಳಗೆ ಇಟ್ಟುಕೊಂಡ ಪದವೇ ‘ವೇರ್’. ‘ವಿಚ್’ ಬೇಕೇ ಬೇಕು ಅಂದರೆ ‘ಇನ್’ ಉಳಿಸಿಕೊಳ್ಳಿ: ‘ದ ರೂಮ್ ವಿಚ್ ಯೂ ವಿಲ್ ಸ್ಟೇ ಇನ್’.

ಜಾಗ ಕಂಡ ಕೂಡಲೇ ‘ವೇರ್’ ಹಾಕುವುದೂ ತಪ್ಪೇ. ಕಾವೇರಿ ತಲಕಾವೇರಿಯಲ್ಲಿ ಹುಟ್ಟುತ್ತಾಳೆ, ಹಾಗಾಗಿ ‘ತಲಕಾವೇರಿ, ವೇರ್ ದ ಕಾವೇರಿ ಬಿಗಿನ್ಸ್’. ಆದರೆ ನಿನ್ನೆ ನೋಡಿ ಬಂದದ್ದು ತಲಕಾವೇರಿಯನ್ನು: ‘ತಲಕಾವೇರಿ, ವಿಚ್ ವಿ ಸಾ ಯೆಸ್ಟರ್‌ಡೇ’. ಊರು ಅದೇ, ಪದ ಬೇರೆ. ಅಲ್ಲಿರುವ ಅಲ್ಪವಿರಾಮವನ್ನೂ ಗಮನಿಸಿ. ತಲಕಾವೇರಿ ಇರುವುದು ಒಂದೇ, ಯಾವುದು ಅಂತ ಗುರುತು ಹೇಳುವ ಕೆಲಸವಿಲ್ಲ, ಹೆಚ್ಚಿನ ವಿಷಯವನ್ನಷ್ಟೇ ಸೇರಿಸುತ್ತಿದ್ದೀರಿ. ಆಗ ಅಲ್ಪವಿರಾಮ ಬೇಕು, ‘ವಿಚ್’ ಬದಲು ‘ದಟ್’ ಬೇಡ. ನಿಮ್ಮ ರೂಮುಗಳು ನಾಲ್ಕಿದ್ದು, ಯಾವುದು ಅಂತ ತೋರಿಸುತ್ತಿದ್ದರೆ ಅಲ್ಪವಿರಾಮ ಬೇಡ, ‘ದಟ್’ ಆಗಬಹುದು.

‘ದ ಕಾಫಿ ವಿಚ್ ವಿ ಗ್ರೋ ಇಟ್’ ಅಂತ ಕೊನೆಗೊಂದು ‘ಇಟ್’ ಸೇರಿಸುವವರೂ ಇದ್ದಾರೆ. ‘ವಿಚ್’ ಬಂದ ಮೇಲೆ ಅದು ಜಾಸ್ತಿಯಾಯಿತು, ತೆಗೆಯಿರಿ.

ಮಾತು ಜೋಡಿಸುವ ‘ಆಲ್ದೋ’, ‘ಬಟ್’ಗಳಿಗೂ ಇದೇ ಲೆಕ್ಕ. ‘ಆಲ್ದೋ ಇಟ್ ರೇನ್ಡ್, ಬಟ್ ದ ಜೀಪ್ ಕೇಮ್’ ಎಂಬಂಥ ವಾಕ್ಯ ಮಳೆಗಾಲದಲ್ಲಿ ನೀವೂ ಬರೆದಿರಬಹುದು. ಕನ್ನಡದಲ್ಲಿ ‘ಮಳೆ ಬಂದರೂ ಜೀಪು ಬಂತು’ ಅನ್ನುತ್ತೇವೆ. ‘ಮಳೆ ಬಂದರೂ, ಆದರೆ ಜೀಪು ಬಂತು’ ಅಂತ ಯಾರಾದರೂ ಅನ್ನುತ್ತೇವಾ? ‘ಆಲ್ದೋ’ ಇದ್ದರೆ ‘ಬಟ್’ ಬಿಡಿ. ‘ಬಿಕಾಸ್’ ಇಂದ ಶುರು ಮಾಡಿದರೆ ಮುಂದಿನ ‘ಸೋ’ ಬಿಡಿ.

ಇನ್ನು ಮೇಲೆ ಹೀಗೆ ಕಳಿಸಿ: ‘ದ ರೂಮ್ ವೇರ್ ಯೂ ವಿಲ್ ಸ್ಟೇ ಈಸ್ ನಿಯರ್ ದ ಕಾಫಿ ಎಸ್ಟೇಟ್.’ ಮಗಳಿಗೂ ತೋರಿಸಿ.