ಲಾಟ್ವಿಯನ್ ಸಂಶೋಧನಾ ಬರಹದಲ್ಲಿ ಅದೇ ಪದ ಮತ್ತೆ ಮತ್ತೆ ಯಾಕೆ?

ಲಾಟ್ವಿಯನ್ ಭಾಷೆಯ ಸಂಶೋಧನಾ ಲೇಖನ ಓದಲು ಶುರು ಮಾಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಒಂದೇ ಪದದ ಸುತ್ತಾಟ. "ಒಂದೇ ಪದ ಪದೇ ಪದೇ ಬಳಸಬೇಡಿ" ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಸ್ವಲ್ಪ ಬೇಜಾರು. ಆದರೆ ವಾಕ್ಯಗಳು ಬಿಡಿಬಿಡಿಯಾಗದಂತೆ ಹಿಡಿದಿಡುವ ಕೆಲಸದಲ್ಲಿ ದೊಡ್ಡ ಪಾಲು ಇದರದ್ದೇ.

1976ರಲ್ಲಿ ಭಾಷಾಶಾಸ್ತ್ರಜ್ಞರಾದ ಹ್ಯಾಲಿಡೇ ಮತ್ತು ಹಸನ್ ವಾಕ್ಯಗಳನ್ನು ಜೋಡಿಸುವ ಈ ಬೆಸುಗೆಗಳನ್ನು ಇಂಗ್ಲಿಷ್ ಬರಹ ಇಟ್ಟುಕೊಂಡು ವಿಂಗಡಿಸಿದರು. 1991ರಲ್ಲಿ ಇನ್ನೊಬ್ಬ ಭಾಷಾಶಾಸ್ತ್ರಜ್ಞ ಹೋಯಿ ಪುನರಾವರ್ತನೆಯನ್ನೇ ಮುಂದಕ್ಕೆ ತಂದರು. ಅದೇ ಪದ ಪ್ರತ್ಯಯ ಮಾತ್ರ ಬದಲಿಸಿ ಬಂದರೆ ಸರಳ ಪುನರಾವರ್ತನೆ. ಅದೇ ಧಾತುವಿನಿಂದ ಹುಟ್ಟಿದ ಬೇರೆ ಪದ ಬಂದರೆ ಸಂಕೀರ್ಣ ಪುನರಾವರ್ತನೆ.

ಲಾಟ್ವಿಯನ್‌ನಲ್ಲಿ ಎರಡಕ್ಕೂ ಭರ್ಜರಿ ಅವಕಾಶ. ನಮ್ಮಂತೆ ಅವರಿಗೂ ವಿಭಕ್ತಿಗಳಿವೆ, ವ್ಯಾಕರಣ ಪುಸ್ತಕಗಳು ಸಾಮಾನ್ಯವಾಗಿ 7 ಎಣಿಸುತ್ತವೆ. 'ಪೇತೀಯುಮ್ಸ್' ಎಂದರೆ ಅಧ್ಯಯನ. 'ಪೇತೀಯುಮ' ಅಧ್ಯಯನದ, 'ಪೇತೀಯುಮಾ' ಅಧ್ಯಯನದಲ್ಲಿ. ಕೊನೆಯ ಸ್ವರದ ಉದ್ದ ನೋಡಿ, ಅರ್ಥ ಬದಲಾಗುವುದು ಅಲ್ಲೇ. 'ಪೇತೀಯುಮ ಮೇರ್ಕಿಸ್', ಅಂದರೆ ಅಧ್ಯಯನದ ಗುರಿ, ಇಂಥ ಲೇಖನಗಳಲ್ಲಿ ತೀರಾ ಮಾಮೂಲಿ ಮಾತು.

ಇನ್ನು ಧಾತುವಿನ ಕುಟುಂಬ. 'ಪೇತೀತ್' ಸಂಶೋಧಿಸು, 'ಪೇತ್ನಿಯೆಕ್ಸ್' ಸಂಶೋಧಕ, 'ಪೇತ್ನಿಯೆತ್ಸೀಬಾ' ಸಂಶೋಧನಾ ಕ್ಷೇತ್ರ. ನನಗೆ ಹೆಚ್ಚು ಇಷ್ಟವಾಗುವ ತಂತ್ರ ಇಲ್ಲಿದೆ. ಮೊದಲ ವಾಕ್ಯ "ಲೇಖಕರು ಮಕ್ಕಳ ಓದನ್ನು ಸಂಶೋಧಿಸಿದರು" ಎಂದು ಕ್ರಿಯಾಪದದಲ್ಲಿ ಮುಗಿಯುತ್ತದೆ ಅಂದುಕೊಳ್ಳಿ. ಮುಂದಿನ ವಾಕ್ಯ 'ಪೇತೀಯುಮಾ' ಎಂದೇ ಶುರುವಾಗುತ್ತದೆ: ಆ ಅಧ್ಯಯನದಲ್ಲಿ ಇಷ್ಟು ಮಕ್ಕಳಿದ್ದರು, ಹೀಗೆ ಮಾಡಿದರು. ಹಿಂದಿನ ವಾಕ್ಯದ ಕ್ರಿಯೆ ಇಲ್ಲಿ ನಾಮಪದವಾಗಿ ಮುಂದೆ ಬಂದು ಕೂರುತ್ತದೆ. "ಆದ್ದರಿಂದ", "ಮತ್ತು" ಏನೂ ಬೇಡ.

ಸುಮ್ನೆ 'ತಸ್', ಅಂದರೆ ಅದು, ಎಂದರೆ ಸಾಲದಾ? ಕೆಲವೊಮ್ಮೆ ಸಾಲದು. 'ರಕ್ಸ್ತ್ಸ್' (ಲೇಖನ) ಕೂಡ ಪುಲ್ಲಿಂಗ, 'ಪೇತೀಯುಮ್ಸ್' ಕೂಡ ಪುಲ್ಲಿಂಗ. ಎರಡೂ ಒಂದೇ ಪ್ಯಾರಾದಲ್ಲಿದ್ದರೆ 'ತಸ್' ಯಾವುದನ್ನು ತೋರಿಸುತ್ತದೋ ಗೊತ್ತಾಗದು. ಹಾಗಾಗಿ 'ಶಿಸ್ ಪೇತೀಯುಮ್ಸ್', ಈ ಅಧ್ಯಯನ, ಎಂದು ಪದವನ್ನೇ ಹೇಳುವುದು ಕ್ಷೇಮ. ಸಮಾನಾರ್ಥಕ ಹುಡುಕುವುದು ಇನ್ನೂ ಅಪಾಯ. ಪಾರಿಭಾಷಿಕ ಪದ ಬದಲಾದರೆ ಓದುಗ ವಿಷಯವೂ ಬದಲಾಯಿತು ಅಂದುಕೊಳ್ಳುತ್ತಾನೆ.

ಗುಣವಾಚಕದಲ್ಲಿ ಕನ್ನಡದಲ್ಲಿಲ್ಲದ ಒಂದು ಸೌಲಭ್ಯವಿದೆ. ಮೊದಲ ಸಲ 'ಲಿಯೆಲ್ಸ್ ಪೇತೀಯುಮ್ಸ್', ಒಂದು ದೊಡ್ಡ ಅಧ್ಯಯನ. ಎರಡನೇ ಸಲ 'ಲಿಯೆಲೈಸ್ ಪೇತೀಯುಮ್ಸ್'. ಬಾಲ ಉದ್ದವಾಯಿತು, ಈಗಾಗಲೇ ಹೇಳಿದ ಆ ದೊಡ್ಡ ಅಧ್ಯಯನವೇ ಎಂದಾಯಿತು.

ಅಭ್ಯಾಸಕ್ಕೆ ಒಂದು ಪುಟ ತೆಗೆದುಕೊಂಡು ಧಾತುಗಳಿಗೆ ಗೆರೆ ಎಳೆಯಿರಿ. ಎರಡು ವಾಕ್ಯಗಳ ನಡುವೆ ಇಂಥ ಪುನರಾವರ್ತನೆಯ ಕೊಂಡಿ ಕನಿಷ್ಠ ಮೂರು ಸಿಕ್ಕರೆ ಹೋಯಿ ಲೆಕ್ಕದಲ್ಲಿ ನಂಟು ಗಟ್ಟಿ. ಕಂಪ್ಯೂಟರಿನಲ್ಲಿ ಹುಡುಕುವವರು ಪೂರ್ತಿ ಪದ ಹಾಕಬೇಡಿ, ಅರ್ಧಕ್ಕರ್ಧ ರೂಪಗಳು ತಪ್ಪಿಹೋಗುತ್ತವೆ. 'ಪೇತ್' ಅಂತಷ್ಟೇ ಹಾಕಿ. ಅಡುಗೆ ಬಗ್ಗೆ ಲೇಖನವಾದರೆ ಮಾತ್ರ ಹುಷಾರು: ಪಾರ್ಸ್ಲಿ ಸೊಪ್ಪಿಗೆ ಅಲ್ಲಿ 'ಪೇತೆರ್ಸೀಲಿಸ್' ಅನ್ನುತ್ತಾರೆ, ಅದೂ ಪಟ್ಟಿಯಲ್ಲಿ ಬಂದು ಸೇರುತ್ತದೆ.