ಕೋರ್ಟಿನ ಲೆಕ್ಕ ಬೇರೆ, ಸ್ವಾನ್ಸಿಯ ಲೆಕ್ಕ ಬೇರೆ

"ಸರ್, ಕುಡಿದು ಗಾಡಿ ಓಡಿಸಿದ್ದಕ್ಕೆ ಹಾಕಿದ್ದ ಬ್ಯಾನ್ 2015ಕ್ಕೇ ಮುಗೀತು. ಒಂಬತ್ತು ವರ್ಷ ಆಯ್ತು. ಈಗ ಮತ್ತೆ ಲೈಸೆನ್ಸ್ ಕಿತ್ಕೊಂಡಿದ್ದಾರೆ. ಒಂದೇ ತಪ್ಪಿಗೆ ಎರಡು ಸಲ ಶಿಕ್ಷೆ ಕೊಡಬಹುದಾ?"

ಎದುರಿಗೆ ಕೂತಿದ್ದವರು ನಮ್ಮ ಕನ್ನಡದವರೇ. ಇಂಗ್ಲೆಂಡಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಸ್ವಾನ್ಸಿಯಲ್ಲಿರುವ ಲೈಸೆನ್ಸ್ ಕಚೇರಿ ಡಿವಿಎಲ್‌ಎಯಿಂದ ಬಂದ ಪತ್ರವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದು ಮತ್ತೆ ಮಡಚಿಕೊಳ್ಳದ ಹಾಗೆ ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಅವರು ಕೇಳಿದ ಪ್ರಶ್ನೆಯನ್ನು ಮಾತ್ರ ಹಾಗೇ ಬರೆದಿದ್ದೇನೆ. ಸಾಲಿಸಿಟರ್ ಆಗಿ ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ.

ಉತ್ತರ ಇಷ್ಟೇ: ಈ ಸಲ ಅವರಿಗೆ ಯಾರೂ ಶಿಕ್ಷೆ ಕೊಟ್ಟಿಲ್ಲ. ಕುಡಿದು ಗಾಡಿ ಓಡಿಸಿದ್ದಕ್ಕೆ ಬ್ಯಾನ್ ಹಾಕುವುದು ಕೋರ್ಟು. ಅದಕ್ಕೆ ಶುರು, ಕೊನೆ ಎರಡೂ ಇರುತ್ತವೆ. ಆದರೆ ಲೈಸೆನ್ಸ್ ಕೊಡುವುದು ಡಿವಿಎಲ್‌ಎ. ಗಾಡಿ ಓಡಿಸಲು ನಿಮ್ಮ ಆರೋಗ್ಯ ಸರಿಯಿದೆಯಾ ಎಂದು ಅದು ಯಾವಾಗ ಬೇಕಾದರೂ ಕೇಳಬಹುದು. ಇವತ್ತು ಸರಿಯಿಲ್ಲ ಅನ್ನಿಸಿದರೆ ಲೈಸೆನ್ಸ್ ರದ್ದು ಮಾಡಬಹುದು. ಅದಕ್ಕೆ ಹೊಸ ಕೇಸ್ ಬೇಕಿಲ್ಲ, ಜಡ್ಜ್ ಬೇಕಿಲ್ಲ.

ಇವರ ಹಳೆಯ ಕೇಸ್ 2014ರದ್ದು. ಉಸಿರಿನ ಪರೀಕ್ಷೆಯಲ್ಲಿ 100 ಮಿಲಿಲೀಟರಿಗೆ 92 ಮೈಕ್ರೋಗ್ರಾಂ ಆಲ್ಕೋಹಾಲ್ ಬಂದಿತ್ತು. ಇಂಗ್ಲೆಂಡಿನಲ್ಲಿ ಮಿತಿ 35. (ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರಿನಿಂದ ಅದು 22.) 24 ತಿಂಗಳ ಬ್ಯಾನ್ ಆಯಿತು. ಕುಡಿದು ಓಡಿಸಿದವರಿಗೆಂದೇ ಇರುವ ತಿಳಿವಳಿಕೆ ಕೋರ್ಸ್ ಮಾಡಿದ್ದಕ್ಕೆ ಆರು ತಿಂಗಳು ಕಡಿಮೆಯಾಯಿತು. ಅಲ್ಲಿಗೆ ಕೋರ್ಟಿನ ಲೆಕ್ಕ ಚುಕ್ತಾ.

ಆದರೆ ಉಸಿರಿನಲ್ಲಿ 87.5 ಅಥವಾ ಅದಕ್ಕಿಂತ ಜಾಸ್ತಿ ಬಂದವರನ್ನು ಡಿವಿಎಲ್‌ಎ 'ಹೈ ರಿಸ್ಕ್ ಅಫೆಂಡರ್' ಎಂದು ಗುರುತು ಮಾಡಿಕೊಳ್ಳುತ್ತದೆ. ಹತ್ತು ವರ್ಷದೊಳಗೆ ಎರಡು ಸಲ ಸಿಕ್ಕಿಬಿದ್ದವರು, ಪೊಲೀಸರು ಕೇಳಿದಾಗ ಸ್ಯಾಂಪಲ್ ಕೊಡದವರು ಕೂಡ ಇದೇ ಗುಂಪಿಗೆ ಬರುತ್ತಾರೆ. ಬ್ಯಾನ್ ಮುಗಿದ ಮೇಲೂ ಡಾಕ್ಟರ್ ಪರೀಕ್ಷೆ ಪಾಸಾಗದೆ ಇವರಿಗೆ ಲೈಸೆನ್ಸ್ ವಾಪಸ್ ಸಿಗುವುದಿಲ್ಲ. ಇವರು 2015ರಲ್ಲಿ ಪಾಸಾದರು. ಪಾಸಾದ ಮೇಲೆ ಈ ವಿಷಯವನ್ನೇ ಮರೆತರು.

ಹೋದ ವರ್ಷ ಹೊಟ್ಟೆನೋವೆಂದು ಆಸ್ಪತ್ರೆ ಸೇರಿದರು. ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಕುಡಿತವೇ ಕಾರಣ ಎಂದರು ಡಾಕ್ಟರು. ಗಾಡಿ ಓಡಿಸುವುದನ್ನು ನಿಲ್ಲಿಸಿ, ಡಿವಿಎಲ್‌ಎಗೆ ತಿಳಿಸಿ ಎಂದೂ ಹೇಳಿದರು. ಇವರು ಪ್ರಾಮಾಣಿಕವಾಗಿ ತಿಳಿಸಿದರು. ಫಾರಂ ಬಂತು, ರಕ್ತಪರೀಕ್ಷೆ ಆಯಿತು, ಲೈಸೆನ್ಸ್ ರದ್ದಾಯಿತು. "ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ ಸರ್?" ಎಂದರು.

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ. ತಿಳಿಸಬೇಕಾದ ಕಾಯಿಲೆಯನ್ನು ಮುಚ್ಚಿಟ್ಟರೆ 1,000 ಪೌಂಡ್ ತನಕ ದಂಡ ಬೀಳಬಹುದು. ಮುಚ್ಚಿಟ್ಟು ಓಡಿಸುವಾಗ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿಯೂ ಕೇಸ್ ಹಾಕುವವರೂ ಮೊದಲು ಕೆದಕುವುದು ಅದನ್ನೇ. ಡಾಕ್ಟರ್ ಎಚ್ಚರಿಸಿದ್ದು ಆಸ್ಪತ್ರೆಯ ದಾಖಲೆಯಲ್ಲಿ ಬರೆದಿರುತ್ತದೆ. ಅಷ್ಟಾದರೂ ನೀವು ಓಡಿಸುತ್ತಿದ್ದರೆ, ಡಾಕ್ಟರೇ ಡಿವಿಎಲ್‌ಎಗೆ ತಿಳಿಸಲು ಅವರ ವೃತ್ತಿಯ ನಿಯಮದಲ್ಲೇ ದಾರಿಯಿದೆ.

ಇವರು ನಿಜವಾಗಿ ಎಡವಿದ್ದು ಬೇರೆ ಕಡೆ. ಎಷ್ಟು ಕುಡಿಯುತ್ತೀರಿ ಎಂದು ಕೇಳಿದ್ದಕ್ಕೆ ಫಾರಂನಲ್ಲಿ 'ದಿನಕ್ಕೆ ಎರಡು' ಎಂದು ಬರೆದಿದ್ದರು. ಅವರ ಮನಸ್ಸಿನಲ್ಲಿ ಅದು ಸುಳ್ಳಲ್ಲ. "ಎರಡು ಅಂದ್ರೆ ಎಷ್ಟು?" ಎಂದು ಕೇಳಿದೆ. ಹೆಬ್ಬೆರಳು, ತೋರುಬೆರಳು ಅಗಲಿಸಿ ಲೋಟದಲ್ಲಿ ಎಷ್ಟೆತ್ತರ ಸುರಿಯುತ್ತಾರೆ ಎಂದು ತೋರಿಸಿದರು. ಲಾರ್ಜ್ ಪೆಗ್, 60 ಮಿಲಿಲೀಟರ್. ಇಲ್ಲಿನ ಪಬ್ಬಿನಲ್ಲಿ ಸಾಮಾನ್ಯವಾಗಿ ಒಂದು ಅಳತೆ ಎಂದರೆ 25 ಮಿಲಿಲೀಟರ್. 40 ಪರ್ಸೆಂಟ್ ವಿಸ್ಕಿಯಾದರೆ ಅದು ಒಂದು ಯೂನಿಟ್ (ಇಲ್ಲಿ ಆಲ್ಕೋಹಾಲ್ ಅಳೆಯುವ ಲೆಕ್ಕ). ನಮ್ಮ ಲಾರ್ಜ್ ಪೆಗ್ 2.4 ಯೂನಿಟ್. ದಿನಕ್ಕೆ ಎರಡರಂತೆ ವಾರಕ್ಕೆ 33.6. ಇಲ್ಲಿನ ಆರೋಗ್ಯ ಇಲಾಖೆ ಹೇಳುವ ಮಿತಿ ವಾರಕ್ಕೆ 14. ಒಂದು 70 ಸೆಂಟಿಲೀಟರ್ ಬಾಟಲಿಯಲ್ಲೇ 28 ಯೂನಿಟ್ ಇದೆ. ಇದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದಾಗ ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಜೊತೆಗೆ ಬಂದಿದ್ದ ಅವರ ಹೆಂಡತಿ ನಿಧಾನಕ್ಕೆ ಹೇಳಿದರು: "ಶನಿವಾರದ್ದು ಇದರಲ್ಲಿ ಸೇರಿಲ್ಲ, ರೀ."

ಇನ್ನು ರಕ್ತಪರೀಕ್ಷೆ. ಡಿವಿಎಲ್‌ಎ ಮುಖ್ಯವಾಗಿ ನೋಡುವುದು ರಕ್ತದಲ್ಲಿರುವ ಸಿಡಿಟಿ ಎಂಬ ಪ್ರೋಟೀನ್ ಅಂಶವನ್ನು. ನಿನ್ನೆ ಪಾರ್ಟಿಯಲ್ಲಿ ಕುಡಿದದ್ದನ್ನು ಇದು ಹಿಡಿಯುವುದಿಲ್ಲ. ವಾರಗಟ್ಟಲೆ ದಿನಾ ಜಾಸ್ತಿ ಕುಡಿದರೆ ಏರುತ್ತದೆ, ಪೂರ್ತಿ ಬಿಟ್ಟರೆ ಕೆಲವು ವಾರಗಳಲ್ಲಿ ಇಳಿಯುತ್ತದೆ. 2.2 ಪರ್ಸೆಂಟ್ ತನಕ ಬಂದರೆ ತೊಂದರೆಯಿಲ್ಲ. 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಲೈಸೆನ್ಸ್ ಸಿಗುವುದು ಕಷ್ಟ. ನಡುವೆ ಬಂದರೆ ಫಾರಂನಲ್ಲಿ ಬರೆದ ಉತ್ತರ, ಡಾಕ್ಟರ ವರದಿ ಎಲ್ಲವನ್ನೂ ಜೊತೆಗಿಟ್ಟು ನೋಡುತ್ತಾರೆ. ಇವರದ್ದು 3.4. ಕೆಲವರಲ್ಲಿ ಹುಟ್ಟಿನಿಂದ ಬಂದ ಪ್ರೋಟೀನ್ ವ್ಯತ್ಯಾಸದಿಂದ, ಅಥವಾ ಲಿವರ್ ತೀರಾ ಕೆಟ್ಟಿದ್ದರೆ, ಈ ಪರೀಕ್ಷೆ ದಾರಿ ತಪ್ಪಿಸಬಹುದು. ಹಾಗೇನಾದರೂ ಇದ್ದರೆ ತಜ್ಞ ಡಾಕ್ಟರ ಪತ್ರ ಬೇಕು. ನಾನು ಕುಡಿಯುವುದೇ ಇಲ್ಲ ಎಂದು ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಅಪೀಲ್ ಮಾಡಬಹುದಾ? ಮಾಡಬಹುದು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಆರು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕು. ಸ್ಕಾಟ್ಲೆಂಡಿನಲ್ಲಿ ಬರೀ 21 ದಿನ. ಆದರೆ ಡಿವಿಎಲ್‌ಎ ತೀರ್ಮಾನ ತಪ್ಪು ಎಂದು ತೋರಿಸಬೇಕಾದವರು ನೀವು. ಸೋತರೆ ಅವರ ಖರ್ಚೂ ನಿಮ್ಮ ತಲೆ ಮೇಲೆ ಬೀಳಬಹುದು. 3.4 ಹಿಡಿದುಕೊಂಡು ಕೋರ್ಟಿಗೆ ಹೋಗೋಣ ಎಂದು ನಾನು ಹೇಳಲಿಲ್ಲ. ನನಗೆ ಫೀಸು ಬರುತ್ತಿತ್ತು, ಅವರಿಗೆ ಲೈಸೆನ್ಸ್ ಬರುತ್ತಿರಲಿಲ್ಲ.

ಅವರಿಗೆ ಹೇಳಿದ್ದು ಇದು. ಕುಡಿತದ ದುರಭ್ಯಾಸ ಎಂದು ಡಿವಿಎಲ್‌ಎ ತೀರ್ಮಾನಿಸಿದರೆ ಕಾರಿನ ಲೈಸೆನ್ಸಿಗೆ ಕನಿಷ್ಠ ಆರು ತಿಂಗಳು ಕಾಯಬೇಕು. ಅಷ್ಟು ದಿನ ಕುಡಿಯದೆ, ಅಥವಾ ಮಿತಿಯೊಳಗೆ ಕುಡಿದು, ರಕ್ತವೂ ಸರಿಯಾಗಿದೆ ಎಂದು ತೋರಿಸಬೇಕು. ಕುಡಿತಕ್ಕೆ ಅಂಟಿಕೊಂಡಿದ್ದಾರೆ, ಬಿಟ್ಟಿರಲಾರರು ಎಂದಾದರೆ ಒಂದು ವರ್ಷ. ಲಾರಿ, ಬಸ್ಸಿನವರಿಗೆ ಇದು ಒಂದು ಮತ್ತು ಮೂರು ವರ್ಷ. ಆ ದಿನಗಳನ್ನು ಸುಮ್ನೆ ಎಣಿಸುತ್ತಾ ಕೂರಬೇಡಿ. ಇವತ್ತೇ ನಿಮ್ಮ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ. ಕುಡಿತ ಬಿಡಲು ಸಹಾಯ ಬೇಕು ಎಂದು ಕೇಳಿ. ಅದು ದಾಖಲೆಯಲ್ಲಿ ಬರಲಿ. ನಡುವೆ ಒಂದೆರಡು ಸಲ ರಕ್ತಪರೀಕ್ಷೆ ಮಾಡಿಸಿ. ದಿನಾ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಹಾಗಾಗಿ ಡಾಕ್ಟರನ್ನು ಕೇಳದೆ ಆ ಸಾಹಸ ಮಾಡಬೇಡಿ.

ಇನ್ನೊಂದು ಸಣ್ಣ ವಿಷಯ. ಡಿವಿಎಲ್‌ಎ ಕಳಿಸಿದ ಫಾರಂಗೆ ಉತ್ತರ ಕೊಡದಿದ್ದರೆ ಅಷ್ಟಕ್ಕೇ ಲೈಸೆನ್ಸ್ ರದ್ದಾಗಬಹುದು. ಮನೆ ಬದಲಿಸಿ ವಿಳಾಸ ಬದಲಿಸದವರಿಗೆ ಇದು ನಿಜಕ್ಕೂ ಆಗುತ್ತದೆ. ಪತ್ರ ಹಳೇ ಮನೆಯ ಬಾಗಿಲಲ್ಲಿ ಬಿದ್ದಿರುತ್ತದೆ, ಇವರು ಏನೂ ಗೊತ್ತಿಲ್ಲದೆ ಗಾಡಿ ಓಡಿಸುತ್ತಿರುತ್ತಾರೆ.

ಹೊರಡುವಾಗ ಅವರು ಆ ಲೆಕ್ಕದ ಹಾಳೆ ಕೇಳಿದರು. ಕೊಟ್ಟೆ. ಮಡಚಿ ಡಿವಿಎಲ್‌ಎ ಪತ್ರದ ಜೊತೆ ಇಟ್ಟುಕೊಂಡರು. ಕಾರಿನ ಕೀ ಅವರ ಹೆಂಡತಿಯ ಕೈಯಲ್ಲಿತ್ತು.