ಗ್ಲಾಸ್ ಏರಿಸಿದ್ದರೂ ಕಪ್ಪಾದ ಬಲಗೈ

ಟ್ಯಾಕ್ಸಿ ಓಡಿಸುವವರೊಬ್ಬರು ಬಂದು ಎರಡೂ ಕೈಗಳನ್ನು ನನ್ನ ಮೇಜಿನ ಮೇಲಿಟ್ಟರು. "ನೋಡಿ ಡಾಕ್ಟ್ರೇ, ಬಲಗೈ ಬೇರೆ ಯಾರದೋ ಇದ್ದ ಹಾಗಿದೆ." ನಿಜವೇ. ಮೊಣಕೈಯಿಂದ ಕೆಳಗೆ ಕಡುಗಪ್ಪು, ಬಲಗೆನ್ನೆಯಲ್ಲಿ ಬಂಗು ಬೇರೆ. "ಎಸಿ ಗಾಡಿ, ಗ್ಲಾಸ್ ಇಳಿಸೋದೇ ಇಲ್ಲ" ಎಂದರು.

ಗ್ಲಾಸ್ ನಂಬಿಯೇ ಕೆಟ್ಟಿದ್ದು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ (ಯುವಿ) ಕಿರಣಗಳಿರುತ್ತವೆ; ಅವುಗಳಲ್ಲಿ ಚರ್ಮ ಸುಡುವ ಯುವಿ-ಬಿಯನ್ನು ಅದು ಬಹುಪಾಲು ತಡೆಯುತ್ತದೆ. 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಯುವಿ-ಎ ಮಾತ್ರ ಸಾಕಷ್ಟು ಒಳಗೆ ಬರುತ್ತದೆ. (ಮುಂದಿನ ಗಾಜಿನ ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಇರುವುದರಿಂದ ಅಲ್ಲಿ ಚಿಂತೆ ಕಡಿಮೆ.) ಉರಿ ಇಲ್ಲ, ಕೆಂಪಾಗುವುದಿಲ್ಲ, ಗೊತ್ತೇ ಆಗುವುದಿಲ್ಲ.

ನಮ್ಮ ಚರ್ಮದ ಬಣ್ಣ ಮೆಲನಿನ್. ಅದು ಕೊಡೆ ಇದ್ದ ಹಾಗೆ ಅಂತ ನಾವೇ ಹೇಳುತ್ತಿರುತ್ತೇವೆ. ಸುಳ್ಳಲ್ಲ, ಬಿದ್ದ ಕಿರಣದ ಬಹುಪಾಲನ್ನು ಅದು ಶಾಖವಾಗಿಸಿ ಬಿಟ್ಟುಬಿಡುತ್ತದೆ. ತಕರಾರು ಇರುವುದು ಉಳಿದ ಚೂರಿನಲ್ಲಿ. ಆ ಶಕ್ತಿಗೆ ಮೆಲನಿನ್‌ನ ಒಂದು ಎಲೆಕ್ಟ್ರಾನ್ ಕಿತ್ತು ಬಂದು ಪಕ್ಕದ ಆಮ್ಲಜನಕಕ್ಕೆ ಅಂಟುತ್ತದೆ. ಹುಟ್ಟುವುದು ಸೂಪರಾಕ್ಸೈಡ್ ಎಂಬ ಫ್ರೀ ರ್ಯಾಡಿಕಲ್. ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವುದರಿಂದ ಅದು ಸುಮ್ನೆ ಕೂರುವುದಿಲ್ಲ. ಇತ್ತ ಮೊದಲೇ ಇದ್ದ ಮೆಲನಿನ್ ಕೂಡ ಆಕ್ಸಿಡೈಸ್ ಆಗಿ ನಿಮಿಷಗಳಲ್ಲೇ ಗಾಢವಾಗುತ್ತದೆ. ಕಪ್ಪು ಬಗೆಯ ಯೂಮೆಲನಿನ್ ಈ ರ್ಯಾಡಿಕಲ್‌ಗಳನ್ನು ತಾನೇ ಒಂದಷ್ಟು ಹಿಡಿದಿಡುತ್ತದೆ. ಕೆಂಗೂದಲಿನವರಲ್ಲಿ ಜಾಸ್ತಿ ಇರುವ ಫಿಯೋಮೆಲನಿನ್‌ಗೆ ಆ ತಾಕತ್ತು ಕಡಿಮೆ. ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ ಇರುವುದಕ್ಕೆ ನಮ್ಮ ಬಣ್ಣವೂ ಕಾರಣ. ಹಾಗಂತ ಬಂಗು ಬಿಡುತ್ತದೆಯೇ?

ನನಗೆ ಇನ್ನೂ ಬೆರಗು ಹುಟ್ಟಿಸುವುದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಸಂಗತಿ. ಸೂಪರಾಕ್ಸೈಡ್ ದೇಹದಲ್ಲೇ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಜೊತೆ ಸೇರಿ ಮೆಲನಿನ್ ತುಣುಕುಗಳಲ್ಲಿ ಶಕ್ತಿ ತುಂಬುತ್ತದೆ. ಆ ತುಣುಕುಗಳು ಅದನ್ನು ಡಿಎನ್‌ಎಗೆ ದಾಟಿಸುತ್ತವೆ. ಬೆಳಕೇ ಇಲ್ಲದೆ ಬಿಸಿಲಿನದೇ ಏಟು! ಬಣ್ಣದ ಕೋಶಗಳಲ್ಲಿ ಇದು ಮೂರು ಗಂಟೆಗೂ ಜಾಸ್ತಿ ನಡೆಯಿತು. ಅಂದರೆ ಮನೆ ಸೇರಿ, ಮುಖ ತೊಳೆದು, ಕಾಫಿ ಕುಡಿದು ಮುಗಿದ ಮೇಲೂ.

ಅವರಿಗೆ ತುಂಬು ತೋಳಿನ ಅಂಗಿ ಹೇಳಿದೆ. ಮುಖಕ್ಕೆ ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ಬರೆದುಕೊಟ್ಟೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಬಿಳಿ ಕ್ರೀಮು ಅದಕ್ಕೆ ಸಾಲದು.

ಮುಂದಿನ ಸಲ ಬಂದಾಗ ಬಲಗೈಗೆ ಮಾತ್ರ ಹೂವಿನ ಚಿತ್ರದ ತೋಳುಗವಸು ಏರಿಸಿದ್ದರು. ಸ್ಕೂಟರ್ ಓಡಿಸುವಾಗ ಮಗಳು ಹಾಕುವುದಂತೆ.